ಎರಡನೆಯ ಪಿಟೀಲು

ಮೂಡುಬಿದಿರೆಯ ಪ್ರಭಾಚಂದ್ರರು ೧೯೬೬ರಲ್ಲಿ ಬೊಂಬಾಯಿಯಿಂದ ಸ್ಟಿರಿಯೋ ತರಿಸಿದರು. ಚಾವಡಿಯ ಎಡಕ್ಕೊಂದು ಸ್ಪೀಕರು, ಬಲಕ್ಕೊಂದು. ಸರಿ ನಡುವೆ ಅವರ ಆರಾಮಕುರ್ಚಿ. ಸಂಗೀತದ ಪ್ಲೇಟುಗಳಿದ್ದ ಕಪಾಟಿನ ಬೀಗದಕೈ ಅವರ ಸೊಂಟದಲ್ಲಿ. ಗಂಡಸರು ಕೂತ ಚಾವಡಿಗೆ ಆ ಮನೆಯ ಹೆಂಗಸರು ಬರುವ ಕ್ರಮವಿರಲಿಲ್ಲ. ಹೆಂಡತಿ ಅನಂತಮತಿ ಎಡಗಡೆಯ ಒಳಬಾಗಿಲ ಹಿಂದೆ ಮಣೆ ಹಾಕಿ ಕೂತು ಕೇಳುತ್ತಿದ್ದರು.

ಮದುವೆಗೆ ಮೊದಲು ಬೆಳ್ತಂಗಡಿಯಲ್ಲಿ ಅವರು ಏಳು ವರ್ಷ ಪಿಟೀಲು ಕಲಿತಿದ್ದರು. ಅಕ್ಕ ವಿಮಲಾ ಒಂದು ಸಾಲು ನುಡಿಸಿದರೆ ಇವರದು ಉತ್ತರ. ಈ ಮನೆಗೆ ಬರುವಾಗ ಪಿಟೀಲು ತವರಲ್ಲೇ ಉಳಿಯಿತು. ಈಗ ಗಂಡನ ಪ್ಲೇಟುಗಳಲ್ಲಿ ಜೋಡಿ ಪಿಟೀಲಿನದೂ ಒಂದಿತ್ತು; ಮೊದಲನೆಯದು ಎಡದ ಸ್ಪೀಕರಿನಿಂದ, ಎರಡನೆಯದು ಬಲದ್ದರಿಂದ. ಬಾಗಿಲ ಹಿಂದೆ ಕೇಳುತ್ತಿದ್ದುದು ಮೊದಲನೆಯದು ಮಾತ್ರ. ಉತ್ತರ ಬರಬೇಕಾದಲ್ಲಿ, ಗದ್ದೆಯಾಚೆ ಯಾರೋ ನುಡಿಸಿದಂಥ ಒಂದು ಎಳೆ.

ಬಂಟ್ವಾಳದ ರೇಡಿಯೋ ರಿಪೇರಿಯ ಹನೀಫಾ ಸೂಜಿ ಬದಲಿಸಲು ಬಂದಾಗ, ಎರಡನೆಯ ಪಿಟೀಲು ಯಾಕೆ ಕೇಳಿಸುವುದಿಲ್ಲವೆಂದು ಅನಂತಮತಿ ವಿಚಾರಿಸಿಯೇಬಿಟ್ಟರು.

"ಪೆಟ್ಟಿಗೆ ಹಾಳಾದ್ದಲ್ಲ ಅಮ್ಮಾ. ನೀವು ಕೂತುಕೊಳ್ಳುವುದು ಎಡದ್ದರ ಬುಡದಲ್ಲಿ, ಅದು ಬಲದ್ದನ್ನು ನುಂಗ್ತದೆ. ಈ ಗುಂಡಿ ಉಂಟಲ್ಲ, ಬಲಕ್ಕೆ ತಿರುಗಿಸಿ. ಹತ್ತಿರದ್ದು ತಗ್ಗುತ್ತದೆ, ದೂರದ್ದು ಏರ್ತದೆ."

ಮರುದಿನ ಧೂಳು ಒರೆಸುವ ನೆಪದಲ್ಲಿ ಅನಂತಮತಿ ಗುಂಡಿ ತಿರುಗಿಸಿಟ್ಟರು. ಸಂಜೆ ಗೆಳೆಯ ಲೋಕನಾಥರು ಬಂದಾಗ ಪ್ರಭಾಚಂದ್ರರು ಅದೇ ಪ್ಲೇಟು ಹಾಕಿದರು. ಎರಡನೆಯ ಪಿಟೀಲು ನೇರವಾಗಿ ಬಾಗಿಲಿಗೆ ಬಂತು. ಅನಂತಮತಿಯ ಬೆರಳುಗಳು ಮೊಣಕಾಲ ಮೇಲೆ ತಾವಾಗಿಯೇ ಓಡಾಡಿದವು.

"ನಿಮ್ಮ ಪೆಟ್ಟಿಗೆಗೆ ಒಂದು ಕಿವಿ ಕೆಪ್ಪಾಗಿದೆಯಲ್ಲ ಮಾರಾಯ್ರೆ!" ಎಂದರು ಲೋಕನಾಥರು.

ಪ್ರಭಾಚಂದ್ರರು ಎದ್ದು ಗುಂಡಿ ನೋಡಿದರು. "ಇದನ್ನು ಮುಟ್ಟಿದ್ದು ಯಾರು?"

"ನಾನು," ಎಂದರು ಅನಂತಮತಿ, ಬಾಗಿಲ ಹಿಂದಿನಿಂದ. "ಇಲ್ಲಿಗೆ ಒಂದೇ ಕೇಳುವುದು."

"ಹಾಗಾದರೆ ಅವರನ್ನೂ ಇಲ್ಲೇ ಕೂರಿಸುವ!" ಎಂದರು ಲೋಕನಾಥರು.

"ಚಾವಡಿಯಲ್ಲಾ? ಅಡುಗೆಮನೆಗೇ ಬೇರೆ ಒಂದು ತರಿಸ್ತೇನೆ, ಒಗ್ಗರಣೆಗೆ ತಾಳ ಹಾಕಲಿ," ಎಂದರು ಪ್ರಭಾಚಂದ್ರರು. ಇಬ್ಬರೂ ನಕ್ಕರು.

ಆ ವಾರವೇ ಹನೀಫಾನಿಗೆ ಕರೆ ಹೋಯಿತು. "ನಡುವಿಗೆ ತಂದು ಗುಂಡಿ ಕಿತ್ತುಬಿಡು."

"ಧನಿಗಳೇ, ಸ್ವಲ್ಪವೇ ಬಲಕ್ಕಿಟ್ಟರೆ ಇಬ್ಬರಿಗೂ..."

"ನಡುವಿಗೆ ಅಂದೆ."

ಹನೀಫಾ ಗುಂಡಿ ಕಿತ್ತು ಪ್ರಭಾಚಂದ್ರರ ಕೈಗಿಟ್ಟ. ಒಳಬಾಗಿಲತ್ತ ನೋಡದೆ ಇಳಿದು ಹೋದ.

ಅನಂತಮತಿ ಮಣೆಯನ್ನು ಒಳಗೆ ಒಯ್ದರು. ಮತ್ತೆ ಆ ಬಾಗಿಲಲ್ಲಿ ಕೂರಲಿಲ್ಲ; ಸಂಗೀತ ಶುರುವಾದರೆ ಹಿತ್ತಿಲಿಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದರು. ಎರಡು ವರ್ಷದ ಮೇಲೆ ಪುತ್ತಿಗೆಯ ನೆಂಟರು ಬಂದು, ಮನೆಯವರೂ ಕೇಳ್ತಾರಾ ಎಂದು ವಿಚಾರಿಸಿದರು. ಪ್ರಭಾಚಂದ್ರರು ಕೈಯಾಡಿಸಿದರು.

"ಅವಳಿಗೆ ಸಂಗೀತದ ಗಂಧವೇ ಇಲ್ಲ."

ಅನಂತಮತಿ ಕಾಫಿ ಲೋಟಗಳನ್ನು ಹೊಸ್ತಿಲಲ್ಲಿಟ್ಟು ಒಳಗೆ ಹೋದರು.