ಹೋರಿಯ ಒಡೆಯ ಕತುಂಗಿ

ಉಗಾಂಡದ ನ್ಯಾಬುಶೋಜಿ ಬಯಲಿನಲ್ಲಿ ರುಟಾರೊನಷ್ಟು ದನಗಳ ವಂಶ ಬಲ್ಲವನು ಇನ್ನೊಬ್ಬನಿರಲಿಲ್ಲ. ಸ್ವಂತ ಮುತ್ತಜ್ಜನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವ ಮಹಾರಾಯ, ಯಾವ ಹಸುವಿನದಾದರೂ ಏಳು ತಲೆಮಾರನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಅಲ್ಲಿಯ ವಾಡಿಕೆಯಂತೆ ಕರು ಹುಟ್ಟಿದ ದಿನ ಅದರ ವಂಶವನ್ನು ಊರವರ ಮುಂದೆ ಹಾಡಬೇಕು, ಕೊನೆಗೆ ಹೋರಿಯ ಒಡೆಯನ ಹೆಸರು ಕೂಗಬೇಕು. ಹೋರಿ ಕೊಟ್ಟವನಿಗೆ ಸಲ್ಲುವ ಪ್ರತಿಫಲ ಅಷ್ಟೇ.

ಆದರೆ ಅವನಿಗೆ ಕಡುಗೆಂಪಿನ ಹುಚ್ಚು. ಮೂವತ್ತು ವರ್ಷ ಕೆಂಪು ಹಸುವಿಗೆ ಕೆಂಪು ಹೋರಿ, ಅದೂ ತನ್ನದೇ ಹಟ್ಟಿಯದು. ನೆರೆಯ ಕತುಂಗಿಯ ಮಚ್ಚೆ ಹೋರಿ ಬೇಲಿಯ ಹತ್ತಿರ ಸುಳಿದರೂ ಕೋಲೆತ್ತುವನು. ಕತುಂಗಿಯ ಹೆಸರನ್ನಂತೂ ಬಾಯಿಗೇ ತಂದವನಲ್ಲ. 'ಆ ಮಚ್ಚೆಯವನು' ಅನ್ನುವನು.

ಬಂತು ನೋಡಿ ಸಂಕಟ! ಮುದ್ದಿನ ಹಸು ಬಿಹೋಗೊ ಹಾಕಿದ ಎರಡು ಕರುಗಳೂ ಎದ್ದು ನಿಲ್ಲಲಾರದೆ ಸತ್ತವು. ಹಸುವಿಗೂ ವಯಸ್ಸಾಗಿತ್ತು. ಇನ್ನು ಒಂದು ಕರುವಾದರೂ ಉಳಿಯದಿದ್ದರೆ ಆ ವಂಶ ಅಲ್ಲಿಗೇ ಮುಗಿಯಿತು.

ಬೆಣ್ಣೆಗೆಂದು ಮೊಸರು ತುಂಬಿದ ಸೋರೆಬುರುಡೆ ಕುಲುಕುತ್ತಿದ್ದ ಹೆಂಡತಿ ಕೊಬುರುಂಗಿ ಕೈ ನಿಲ್ಲಿಸಿದಳು. "ಬಾಯಿಪಾಠ ಐತಲ್ಲ, ಹೇಳಿ ನೋಡೋಣ. ಸತ್ತ ಕರುವಿನ ಅಪ್ಪ ಯಾರು? ಅಜ್ಜ ಯಾರು?"

ರುಟಾರೊ ಜಂಬದಿಂದಲೇ ಶುರುಮಾಡಿದ. ಅಪ್ಪನ ಕಡೆ ಬಂದ ಹೋರಿಯೇ ಅಮ್ಮನ ಕಡೆಯೂ ಬಂತು. ಮತ್ತೊಮ್ಮೆ ಬಂತು.

"ಅಯ್ಯೋ ನಿಮ್ಮ! ನಾವು ಒಂದೇ ಕುಲದಲ್ಲಿ ಹೆಣ್ಣು ತರಲ್ಲ. ಪಾಪ, ಆ ಹಸುಗೆ ಅಣ್ಣನೇ ಗಂಡನಾ?"

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಮರುದಿನವೇ ಬಿಹೋಗೊಳನ್ನು ಹೊಡೆದುಕೊಂಡು ಕತುಂಗಿಯ ಹಟ್ಟಿಗೆ ಹೋದ.

"ಏನಪ್ಪಾ, ದಾರಿ ತಪ್ತಾ?" ಅಂದ ಕತುಂಗಿ.

"ಹೋರಿ ಬೇಕಿತ್ತು."

"ಮಚ್ಚೆ ಕರು ಹುಟ್ಟಿದ್ರೆ ಅತ್ತುಗಿತ್ತೀಯ!"

"ಕೊಡ್ತೀಯೋ ಇಲ್ವೋ?"

"ಬಿಡು ಮಾರಾಯ, ಕೊಡ್ದೆ ಇರ್ತೀನಾ? ಹೆಸ್ರು ಮಾತ್ರ ಜೋರಾಗಿ ಕೂಗ್ಬೇಕು."

ಒಂಬತ್ತು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕರು ನೆಲಕ್ಕೆ ಬಿತ್ತು. ರುಟಾರೊ ಹೆದರಿ ಕಣ್ಣು ಮುಚ್ಚಿಕೊಂಡ. ಯಾವುದೋ ಒದ್ದೆ ಮೂತಿ ಮೊಣಕಾಲಿಗೆ ಗುದ್ದಿತು. ಕಣ್ಣು ಬಿಟ್ಟರೆ ಹೆಣ್ಣುಗರು! ತಾಯಿ ನೆಕ್ಕಿ ಮುಗಿಸುವ ಮೊದಲೇ ಎದ್ದು ಕೆಚ್ಚಲು ಹುಡುಕುತ್ತಿತ್ತು. ಕೆಂಪು ಮೈ, ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ. ಇಷ್ಟು ಚೆಂದದ ಕರುವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಜನ ಸೇರಿದರು. ಕತುಂಗಿಯೂ ಕೋಲೂರಿ ನಿಂತ. ರುಟಾರೊ ತಾಯಿಯ ಕಡೆಯ ಏಳು ತಲೆಮಾರು ಹಾಡಿ, ಹೋರಿಯ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

"ಹೋರಿಯ ಒಡೆಯ ಕತುಂಗಿ!"

"ಕೇಳಿಸ್ಲಿಲ್ಲಪ್ಪಾ, ಕಿವಿ ಮಂದ," ಅಂದ ಕತುಂಗಿ.

"ಕತುಂಗಿ ಕಣೋ!" ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕೂಗಿದ ರುಟಾರೊ. ಮೂರನೆಯ ಸಲ ಎಷ್ಟು ಜೋರಾಗಿ ಕೂಗಿದನೆಂದರೆ, ಬೆಚ್ಚಿದ ಕರು ಬಾಲವೆತ್ತಿ ಹಟ್ಟಿ ತುಂಬ ಓಡಿತು.