ಗೊಡ್ಡೆಮ್ಮೆಗೆ ಹುಳದ ಹಿಟ್ಟು

ನಮ್ಮ ಅತ್ತೆ ಇರುವೆ ಗೂಡಿಗೆ ಸಕ್ಕರೆ ಹಾಕುವ ಹೆಂಗಸು. ಅಂಥವರ ಕೈಯಿಂದ ನಾನು ಹುಳ ಬೀಸಿಸಿದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಕೆಟ್ಟ ಬುದ್ಧಿಗೆ ಗುರು ಬೇಕಾಗುವುದಿಲ್ಲ.

ಸತ್ತಿ ಊರಿನ ನಮ್ಮ ಹಿತ್ತಲಲ್ಲಿ ಟಬ್‌ಗಳನ್ನಿಟ್ಟು ಕಪ್ಪು ನೊಣದ ಹುಳ ಸಾಕುತ್ತಿದ್ದೆ. ಅಥಣಿ ಬಜಾರಿನ ಕೊಳೆತ ತರಕಾರಿಯೇ ಅವುಗಳ ಊಟ. ಬಲಿತ ಹುಳಗಳನ್ನು ಕುದಿನೀರಿಗೆ ಹಾಕಿ, ಒಣಗಿಸಿ, ಹಿಟ್ಟು ಮಾಡಿ ಬೂಸಾದಲ್ಲಿ ಕಲಸಿದರೆ ಹಿಂಡಿಯ ಖರ್ಚು ಉಳಿಯುತ್ತದೆ ಎಂದು ಹುಳ ಸಾಕುವ ತರಬೇತಿಯಲ್ಲಿ ಹೇಳಿದ್ದರು. ಬೀಸಿಸಲು ಒಯ್ದರೆ ಗಿರಣಿಯವನು ಚೀಲದ ಬಾಯಿ ಬಿಚ್ಚಿ ನೋಡಿದವನೇ, "ಮಂದಿ ಜ್ವಾಳಾ ಬೀಸೂ ಗಿರಣ್ಯಾಗ ಇದನ್ನ ಹಾಕ್ಲೇನ್ರಿ? ಮೊದಲ ತಗೊಂಡ ಹೋಗ್ರಿ" ಎಂದು ಅಟ್ಟಿದ. ಉಳಿದದ್ದು ಅತ್ತೆಯ ಬೀಸುವ ಕಲ್ಲು.

ಹಾಲು ಕೊಡುವ ಎಮ್ಮೆಗೆ ಇದನ್ನು ಹಾಕಿ ನೋಡಲು ನನಗೆ ಧೈರ್ಯವಿರಲಿಲ್ಲ. ಅತ್ತೆಯ ಗೊಡ್ಡೆಮ್ಮೆ ಇತ್ತಲ್ಲ, ಸತ್ತರೂ ನಷ್ಟವಿಲ್ಲ. ಅದು ಎರಡು ವರ್ಷದಿಂದ ಗಬ್ಬ ನಿಂತಿರಲಿಲ್ಲ, ಎಲುಬುಗಳು ಎದ್ದು ಕಾಣುತ್ತಿದ್ದವು. ಮಾರೋಣ ಎಂದು ನಾನು, ನನ್ನ ಗಂಡ ಎಷ್ಟು ಹೇಳಿದರೂ ಅತ್ತೆ ಕೇಳುತ್ತಿರಲಿಲ್ಲ.

"ಇದನ್ನ ತಿಂದ್ರ ಮೈ ಹಿಡಿತೈತ್ರಿ ಅತ್ತಿ. ಮೈ ಹಿಡದ್ರ ಬೆದಿಗೆ ಬರತೈತಿ, ಗಬ್ಬ ನಿಲ್ಲತೈತಿ. ಆಮ್ಯಾಲ ಯಾರ ಮಾರ್ತಾರ್ರಿ?" ಎಂದೆ.

ನನ್ನ ಲೆಕ್ಕ ಬೇರೆ ಇತ್ತು. ಕಸಾಯಿಖಾನೆಗೆ ಬಡಕಲು ಎಮ್ಮೆಗಿಂತ ಮೈ ತುಂಬಿದ ಎಮ್ಮೆಯೇ ಬೇಕು.

ಅತ್ತೆ ಸೆರಗಿನಿಂದ ಮೂಗು ಕಟ್ಟಿಕೊಂಡು, ಮುಖ ಆಚೆ ತಿರುಗಿಸಿ ಬೀಸಿದರು. ಕಲ್ಲಿಗೆ ಹಿಡಿ ಹುಳ ಹಾಕುವಾಗೊಮ್ಮೆ "ಶಿವಾ, ತಪ್ಪಾತು" ಎನ್ನುತ್ತಿದ್ದರು. ಎಮ್ಮೆ ಮೊದಲ ದಿನ ಮೂಸಿ ಬಕೆಟ್ ಉರುಳಿಸಿತು. ಅದಕ್ಕೆ ಬೆಲ್ಲ ಕಲಸಿ ಅಂಗೈಯಲ್ಲಿಟ್ಟು ತಿನ್ನಿಸಿದರು. ದಯಾವಂತ ಮುದುಕಿ ಈಗ ಜೀವಗಳನ್ನೇ ಹಿಟ್ಟು ಮಾಡುತ್ತಾಳೆ ನೋಡು ಎಂದು ನಾನು ಒಳಗೊಳಗೇ ನಕ್ಕೆ. ಆ ನಗೆ ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ಮೂರು ತಿಂಗಳಲ್ಲಿ ಎಮ್ಮೆ ಮಿರಮಿರ ಮಿಂಚಿತು. ಅತ್ತೆ ಬಂದವರಿಗೆಲ್ಲ ಅದರ ಮೈ ಸವರಿ ತೋರಿಸುತ್ತಿದ್ದರು. ನಾನು ಕಾಗವಾಡದ ದನದ ದಲಾಲಿಗೆ ಫೋನ್ ಮಾಡಿದೆ.

ಗಾಡಿ ಬಂದಾಗ ಅತ್ತೆ ಒಳಗೆ ಪೂಜೆಗೆ ಕೂತಿದ್ದರು. ದಲಾಲಿಯ ಆಳುಗಳು ಬಾಲ ತಿರುವಿದರೂ, ಹೊಡೆದರೂ ಎಮ್ಮೆ ಗಾಡಿಗೆ ಆನಿಸಿದ ಹಲಗೆಯ ಮೇಲೆ ಕಾಲಿಡಲಿಲ್ಲ. ನಾನೇ ಒಳಗೆ ಹೋದೆ.

"ಅತ್ತಿ, ಅಥಣಿಗೆ ಡಾಕ್ಟರ್ ಕಡೆ ಒಯ್ಯಾಕತ್ತಾರ, ಗಬ್ಬ ನಿಲ್ಲತೈತೇನ ನೋಡಾಕ. ನಾಕ ಮಂದಿ ಜಗ್ಗಿದ್ರೂ ಹತ್ತವಲ್ದು. ನೀವು ಬರ್ರಿ."

ಅವರು ಪೂಜೆ ಅರ್ಧಕ್ಕೇ ಬಿಟ್ಟು, ಹಿಟ್ಟು ಕಲಸಿದ ಬಕೆಟ್ ಹಿಡಿದು ಬಂದರು. ತಾವೇ ಮೊದಲು ಗಾಡಿ ಹತ್ತಿ, "ಬಾ ನನ್ನವ್ವಾ, ಬಾ" ಎಂದರು. ಎಮ್ಮೆ ಸುಮ್ಮನೆ ಅವರ ಹಿಂದೆ ಹತ್ತಿತು.

ಸಂಜೆ ಗೋದಲಿಗೆ ಮೇವು ಹಾಕಿ ಕಾದರು. ನಾಳೆ ಬರುತ್ತದೆ ಎಂದೆ. ಮರುದಿನವೂ ಅದನ್ನೇ ಹೇಳಿದೆ. ಮೂರನೆಯ ದಿನ ಮತ್ತೆ ಮೇವು ಹಾಕುವುದನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಮಾಡಿದ್ದು ನಾನು, ಸಿಟ್ಟು ಅವರ ಮೇಲೆ!

"ಅದು ಬರೂದಿಲ್ರಿ. ಕಸಾಯಿಖಾನಿಗೆ ಹೋತು. ಸುಮ್ನ ಯಾಕ ಮೇವು ಹಾಳ ಮಾಡ್ತೀರಿ?"

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಎಮ್ಮೆಯ ಗೂಟದ ಹತ್ತಿರ ಕೂತರು. ನನ್ನ ಕಡೆ ನೋಡದೆ ಹೇಳಿದರು.

"ನಾಕ ಮಂದಿ ಜಗ್ಗಿದ್ರೂ ಹತ್ತಿದ್ದಿಲ್ಲ ಯವ್ವಾ ಅದು. ನಾ ಕರದೆ ಅಂತ ಹತ್ತಿತು."