ಕಣ್ಣಿನ ಬೋರ್ಡಿನ ಕಾಕಾ

ನನ್ನ ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಸರಿಮಾಡುವಾಗ ಕಾಕಾರ ಕಿರುಬೆರಳಿನ ಬೆಳ್ಳಿ ಉಂಗುರ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ಅದರ ಮೇಲೆ ಒಂದು ಕೈವಾರ, ಅದರಡಿಗೆ ಬಡಿಗರ ಮೂಲೆಮಟ್ಟ. ಎರಡೂ ಸವೆದು ಬರೀ ಗೆರೆಗಳಾಗಿದ್ದವು.

ಶಿರಸಿಯ ನಮ್ಮ ಓಣಿಯಲ್ಲಿ ಎದುರಿಗೇ ಅವರ ಕನ್ನಡಕದ ಅಂಗಡಿ. ಬೋರ್ಡಿನ ಮೇಲೆ ಕೈಯಲ್ಲಿ ಬರೆದ ದೊಡ್ಡ ಕಣ್ಣು. ತಿಂಗಳಿಗೊಮ್ಮೆ ಕಾಕಾ ಗಾಜು ತರಲು ಹುಬ್ಬಳ್ಳಿಗೆ ಹೋಗುತ್ತಿದ್ದರು. ಅದೇ ಸಂಜೆ ಅಲ್ಲಿ ಅವರು ಸೇರಿದ್ದ ಒಂದು ಹಳೆಯ ಸಂಘದ ಸಭೆ; ಉಂಗುರದ ಮೇಲಿನ ಗುರುತು ಅದರದೇ. ಬಾಗಿಲು ಹಾಕಿಕೊಂಡು ನಡೆಸುವ ಸಭೆ, ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ. ಊರಲ್ಲಿ ಅದಕ್ಕೆ ‘ಗುಪ್ತ ಸಂಘ’ ಎಂದೇ ಹೆಸರು. ತಲೆಬುರುಡೆ ಇಡುತ್ತಾರಂತೆ, ಕಣ್ಣು ಕಟ್ಟಿ ಆಣೆ ಮಾಡಿಸುತ್ತಾರಂತೆ ಎಂದು ಜನ ಹೇಳುವರು. ಕಾಕಾ ಕೇಳಿ ನಗುವರು.

ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಗ ಅವರ ಅಂಗಡಿಯಲ್ಲೇ ನನಗೆ ಮೊದಲ ಸಲ ಫಿಟ್ಸ್ ಬಂತು. ಎಚ್ಚರವಾದಾಗ ಒಂದು ಮಗ್ಗುಲಿಗೆ ಮಲಗಿದ್ದೆ, ತಲೆಯಡಿ ಕಾಕಾರ ಕೋಟು. ಶಟರ್ ಅರ್ಧ ಇಳಿದಿತ್ತು. ಅವ್ವ ಓಡಿ ಬಂದಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ.

“ಅಣ್ಣಾರ, ಯಾರ ಮುಂದೂ ಅನ್ನಬ್ಯಾಡ್ರಿ. ಲಗ್ನ ಮಾಡಿ ಕೊಡೂ ಹುಡುಗಿ.”

“ಅನ್ನೂದಿಲ್ಲ ತಂಗಿ. ಆದ್ರ ದೇವರು-ದಿಂಡರು ಅಂತ ಕೂಡಬ್ಯಾಡ. ಹುಬ್ಬಳ್ಳ್ಯಾಗ ಡಾಕ್ಟರ್ ಅದಾರ, ತೋರಸೂಣು.”

ಮುಂದೆ ಪ್ರತಿ ತಿಂಗಳೂ ಅವರ ಕಾರಿನಲ್ಲಿ ಅವ್ವನೂ ನಾನೂ. ಮಂಚಿಕೇರಿಯಲ್ಲಿ ಚಹಾ, ಯಲ್ಲಾಪುರದಲ್ಲಿ ಯಾರಿಗಾದರೂ ರಿಪೇರಿ ಮಾಡಿದ ಕನ್ನಡಕ ಮುಟ್ಟಿಸುವುದು, ಆಮೇಲೆ ಆಸ್ಪತ್ರೆಯ ಬೆಂಚು. ಎಷ್ಟು ಹೊತ್ತಾದರೂ ಕಾಕಾ ಎದ್ದುಹೋದವರಲ್ಲ. ನಮ್ಮನ್ನು ಶಿರಸಿ ಬಸ್ಸು ಹತ್ತಿಸಿಯೇ ಅವರು ಸಭೆಗೆ ಹೋಗುವರು.

ಒಮ್ಮೆ ದಾರಿಯಲ್ಲಿ ಉಂಗುರದ ಅರ್ಥ ಕೇಳಿದೆ.

“ಮೂಲಿಮಟ್ಟ ಅಂದ್ರ ನಡತಿ ನೆಟ್ಟಗಿರ್ಲಿ ಅಂತ. ಕೈವಾರ ಅಂದ್ರ ಆಸೆಗೊಂದು ಗೆರಿ ಇರ್ಲಿ ಅಂತ. ಇದರಾಗೇನು ಗುಟ್ಟಿಲ್ಲವ್ವಾ, ಪುಸ್ತಕದಾಗ ಐತಿ. ಒಬ್ಬರನ್ನೊಬ್ಬರು ಹ್ಯಾಂಗ ಗುರ್ತು ಹಿಡೀತೀವಿ ಅನ್ನೂದಷ್ಟ ಗುಟ್ಟು.”

“ಅಷ್ಟ ಸಣ್ಣದನ್ನ ಯಾಕ ಮುಚ್ಚಿಡೂದು ಕಾಕಾ?”

“ಸಣ್ಣದನ್ನ ಇಟ್ಕೊಳ್ಳಾಕ ಬರದಾಂವ ದೊಡ್ಡದನ್ನ ಇಟ್ಕೊಳ್ತಾನೇನು?”

ಹೆಂಗಸರನ್ನು ಸೇರಿಸಿಕೊಳ್ಳುತ್ತಾರಾ ಎಂದೂ ಕೇಳಿದ್ದೆ. “ಇಲ್ಲ. ಅದು ನಮ್ಮ ತಪ್ಪು” ಎಂದರು.

ಆ ವರ್ಷ ಊರಿನ ಮೊಬೈಲುಗಳಲ್ಲಿ ಒಂದು ವಿಡಿಯೋ ಓಡಾಡಿತು. ಕತ್ತಲೆ ಕೋಣೆ, ತ್ರಿಕೋನದೊಳಗೆ ಒಂದೇ ಕಣ್ಣು. ಇಡೀ ಜಗತ್ತನ್ನು ಆಳುವ ಸೈತಾನನ ಸಂಘ ಇದು ಎನ್ನುವ ಗಡಸು ದನಿ. ಕೊನೆಗೆ ಯಾರೋ ಕಾಕಾರ ಅಂಗಡಿಯ ಬೋರ್ಡಿನ ಫೋಟೋ ಅಂಟಿಸಿದ್ದರು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಗಿರಾಕಿಗಳು ಕಡಿಮೆಯಾದರು. ಒಂದು ಬೆಳಿಗ್ಗೆ ನೋಡಿದರೆ ಬೋರ್ಡಿನ ಕಣ್ಣಿಗೆ ಯಾರೋ ಡಾಂಬರು ಬಳಿದಿದ್ದರು. ತಿಂಗಳಿಗೊಮ್ಮೆ ಆ ಕಾರಿನಲ್ಲಿ ಹರೆಯದ ಹುಡುಗಿ ಎಲ್ಲಿಗೆ ಹೋಗುತ್ತಾಳೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು.

ಗುಡಿಕಟ್ಟೆಯ ಮೇಲೆ ಓಣಿಯ ಹಿರಿಯರು ಕಾಕಾರನ್ನು ಕರೆಸಿದರು. ನಮ್ಮ ಕಿಟಕಿಗೆ ಎಲ್ಲವೂ ಕೇಳುತ್ತಿತ್ತು.

“ಆ ಹುಡುಗಿನ್ನ ಎಲ್ಲಿಗೆ ಕರ್ಕೊಂಡ್ ಹೋಗ್ತೀರಿ, ಹೇಳಿಬಿಡ್ರಿ” ಎಂದರು ಕಿರಾಣಿ ಅಂಗಡಿಯವರು.

“ಅದು ನನ್ನ ಮಾತಲ್ಲರಿ. ನಾ ಹೇಳಾಕ ಬರೂದಿಲ್ಲ.”

“ಅಂದ್ರ ಆ ಸಂಘದ ಸಂಬಂಧ ಐತಿ ಅಂದ್ಕೊಳ್ಳೂದೇನು?”

“ನಿಮಗ ತಿಳಿದಂಗ ಅಂದ್ಕೊಳ್ರಿ.”

ಆಸ್ಪತ್ರೆಗೆ ಎಂಬ ಒಂದೇ ಮಾತು ಸಾಕಿತ್ತು. ಅವರು ಆಡಲಿಲ್ಲ. ಬನವಾಸಿ ಕಡೆಯ ಒಂದು ಸಂಬಂಧ ಆಗ ನನಗೆ ಮಾತಿನಲ್ಲಿತ್ತು. ಅದು ಅವರಿಗೂ ಗೊತ್ತಿತ್ತು. ಅವ್ವ ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡು, ಗುಳಿಗೆಯ ಪಟ್ಟಿ ಹಿಡಿದು ಕಟ್ಟೆಗೆ ಹೋದೆ.

“ನನಗ ಮೂರ್ಛಿರೋಗ ಐತಿ. ದವಾಖಾನಿಗೆ ಹೋಗ್ತೀನಿ. ಇವು ಅದರ ಗುಳಿಗಿ.”

ಹಿಂದಿನಿಂದ ಅವ್ವನ ದನಿ ಬಂತು. “ಪ್ರತಿ ಸಲ ನಾನೂ ಜೋಡಿ ಹೋಗೇನಿ. ನಾ ಮಾತ್ರ ಒಬ್ಬರ ಕಣ್ಣಿಗೂ ಬೀಳ್ಲಿಲ್ಲೇನು?”

ಕಾಕಾ ನನ್ನತ್ತ ನೋಡಿ, “ನೀ ಹೇಳೂ ಜರೂರಿ ಇದ್ದಿಲ್ಲವ್ವಾ” ಎಂದರು. ಅವರ ಕಣ್ಣು ತುಂಬಿತ್ತು.

ಬನವಾಸಿಯವರು ಮತ್ತೆ ಬರಲಿಲ್ಲ. ನನಗೆ ಅದರಿಂದ ನಷ್ಟವಾಯಿತೆಂದು ಇಂದಿಗೂ ಅನ್ನಿಸಿಲ್ಲ. ಗುಳಿಗೆ ನುಂಗುವಾಗ ಬಾಗಿಲು ಮುಚ್ಚಿಕೊಳ್ಳುವುದು ಅಂದಿಗೆ ನಿಂತಿತು. ಓದು ಮುಗಿಸಿ ಯಲ್ಲಾಪುರದಲ್ಲಿ ಗ್ರಂಥಪಾಲಕಿಯಾದೆ. ಫಿಟ್ಸ್ ಬಂದು ವರ್ಷಗಳಾದವು.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಹುಬ್ಬಳ್ಳಿಯಿಂದ ಸಂಘದವರೂ ಬಂದಿದ್ದರು. ಕಪ್ಪು ಕೋಟಿನ ನಾಲ್ಕಾರು ಮುದುಕರು, ಒಬ್ಬರಿಗೆ ಊರುಗೋಲು. ಒಬ್ಬೊಬ್ಬರಾಗಿ ಒಂದೊಂದು ಹಸಿರು ಚಿಗುರನ್ನು ಕುಣಿಯೊಳಗೆ ಬಿಟ್ಟು, ಕೈಮುಗಿದು ಹಿಂದೆ ಸರಿದರು. ಓಣಿಯವರೆಲ್ಲ ಕಣ್ಣು ಕೀಲಿಸಿ ನೋಡುತ್ತಿದ್ದರು.

ಆಮೇಲೆ ಅವರಲ್ಲಿ ಹಿರಿಯರೊಬ್ಬರು ಕಾಕಾರ ಹೆಂಡತಿ ಕಾಕೂನ ಹತ್ತಿರ ಬಂದು ಕುಳಿತರು. “ಭಾಳ ಛಲೋ ಮನಷ್ಯಾ. ಒಂದ ದೋಷ ಇತ್ತು ನೋಡ್ರಿ. ನಾಕೈದು ವರ್ಷ ಸಭಾಕ್ಕ ಒಮ್ಮಿನೂ ಹೊತ್ತಿಗೆ ಸರಿಯಾಗಿ ಬರ್ಲಿಲ್ಲ. ಎಲ್ಲಾರ ಮುಂದ ಬೈಸ್ಕೊಂಡ. ಯಾಕ ಅಂತ ಕೇಳಿದ್ರ, ಕೆಲಸ ಇತ್ತು ಅಂತಷ್ಟ ಅನ್ನಾಂವ.”

ಕಾಕೂ ನನ್ನ ಕಡೆ ನೋಡಿದರು. “ನನಗೂ ಹೇಳಿದ್ದಿಲ್ಲರಿ. ಕಟ್ಟಿ ಮ್ಯಾಲ ಈಕಿ ಹೇಳಿದ ದಿನಾನ ನನಗೂ ತಿಳೀತು.”

ನಾನು ಆ ಹಿರಿಯರ ಎದುರು ಕುಳಿತು, ಆ ಸಂಜೆಗಳಲ್ಲೆಲ್ಲ ಕಾಕಾ ಎಲ್ಲಿ ಕುಳಿತಿರುತ್ತಿದ್ದರು ಎಂಬುದನ್ನು ಮೊದಲಿನಿಂದ ಹೇಳತೊಡಗಿದೆ.